ಬರೀ ಮದ್ದು

ನಮ್ಮ ಭಾಷೆಯಲ್ಲಿ ಮದ್ದು ಅಂದರೆ ಔಷಧಿ. ಬಂದೂಕಿಗೆ ತುಂಬುವ ಕರಿಪುಡಿಯೂ ಮದ್ದೇ. ಯಾರೋ ಅನ್ನದಲ್ಲಿ ಕಲಸಿ ಕೊಟ್ಟರು, ಆಳು ಸೊರಗಿ ಹೋದ ಎಂದು ಜನ ಪಿಸುಗುಡುವಾಗ 'ಮದ್ದು ಹಾಕ್ಯಾರ' ಅನ್ನುತ್ತಾರಲ್ಲ, ಅದೂ ಮದ್ದೇ. ವಾಸಿ ಮಾಡುವುದು, ಸಿಡಿಯುವುದು, ಕದ್ದು ಕೊಲ್ಲುವುದು ಮೂರಕ್ಕೂ ಒಂದೇ ಪದ ಸಾಕಾಗಿದೆ. ಕಾಗಿನೆಲೆಯ ಸುತ್ತ ಗೋವಿನಜೋಳ ತೆನೆ ಕಟ್ಟಿ ಹಾಲು ತುಂಬುವ ಹೊತ್ತಿಗೆ, ಹೊಲ ಕಾಯುವವನ ಮುಂದೆ ಈ ಅರ್ಥಗಳು ಒಟ್ಟಾಗಿ ಬಂದು ನಿಲ್ಲುತ್ತವೆ.

ನಮ್ಮ ಕಾಕಾನ ಹತ್ತಿರ ಲೈಸೆನ್ಸು ಇದ್ದ ಒಂದು ಹಳೆಯ ಕೇಪಿನ ಬಂದೂಕು ಇತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಾಯಿಯಿಂದ ತುಂಬುವ ಇಂಥ ಬಂದೂಕನ್ನು ಬೆಳೆ ರಕ್ಷಣೆಯ ಹೆಸರಿನಲ್ಲಿಯೇ ಗುರುತಿಸುತ್ತದೆ. ನಳಿಗೆಗೆ ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ನಾರು ತುರುಕಿ ಸಲಾಕೆಯಿಂದ ಜಡಿಯಬೇಕು. ಆಮೇಲೆ, ಬೇಕಿದ್ದರೆ, ಚರೆ. ಈ 'ಬೇಕಿದ್ದರೆ' ಅನ್ನುವುದರಲ್ಲೇ ನನಗೆ ಆಸಕ್ತಿ. ಚರೆ ಬಿದ್ದರೆ ಅದು ಕೊಲ್ಲುವ ಬಂದೂಕು. ಬರೀ ಮದ್ದಾದರೆ ಬೆಂಕಿ, ಹೊಗೆ, ದೊಡ್ಡ ಸಪ್ಪಳ, ಅಷ್ಟೇ. ಕಾಕಾ ಸಂಜೆ ಕಟ್ಟೆಯ ಮೇಲೆ ಕುಂತು ಇದನ್ನೆಲ್ಲ ಮಾಡುವಾಗ ಚಿಗವ್ವ ಒಳಗಿನಿಂದಲೇ ಕೇಳುತ್ತಿದ್ದಳು: "ಇವತ್ತ ಬರೇ ಮದ್ದರೀ, ಚರೀನೂ ಹಾಕೀರ್ಯಾ?"

ಕೊಲ್ಲುವ ಪ್ರಶ್ನೆ ಬಂದಾಗ ನಾವು ಬೆರಳಿನ ಬಗ್ಗೆ ಮಾತಾಡುತ್ತೇವೆ. ಒತ್ತಿದನೋ, ತಡೆದುಕೊಂಡನೋ ಎಂದು. ಚಿಗವ್ವನ ಪ್ರಶ್ನೆ ಅದಕ್ಕಿಂತ ಆರು ತಾಸು ಮೊದಲಿನದು. ನಡುರಾತ್ರಿ, ಅರೆನಿದ್ದೆಯಲ್ಲಿ, ಜೋಳದ ಸಾಲಿನೊಳಗೆ ಏನೋ ಸರಸರ ಅಂದಾಗ ಬೆರಳು ಯೋಚನೆ ಮಾಡುವುದಿಲ್ಲ. ಯೋಚನೆಗೆ ಬೆಳಕು ಬೇಕು, ಪುರಸೊತ್ತು ಬೇಕು, ಪಕ್ಕದಲ್ಲಿ ಕೇಳುವವರೊಬ್ಬರು ಬೇಕು. ಅವು ಮೂರೂ ಇರುವುದು ಮದ್ದು ಅಳೆಯುವ ಹೊತ್ತಿನಲ್ಲಿ. ಕಾರ್ಖಾನೆಯಿಂದ ಬಂದ ತೋಟಾದಲ್ಲಿ ಆ ಹೊತ್ತೇ ಇಲ್ಲ. ಎಷ್ಟು ಮದ್ದು, ಯಾವ ಗುಂಡು ಎಂಬುದನ್ನು ಬೇರೆ ಯಾರೋ ತೀರ್ಮಾನಿಸಿ ಮುಚ್ಚಿ ಕಳಿಸಿರುತ್ತಾರೆ.

ಅಮೆರಿಕದಲ್ಲಿ ಖಾಲಿಯಾದ ರೈಫಲ್ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರು ಬಹಳ ಮಂದಿ. ಅಲ್ಲಿನ ಅಂಗಡಿಯಲ್ಲಿ ಹತ್ತಾರು ಬಗೆಯ ಮದ್ದು ಸಿಗುತ್ತದೆ: ಬೇಗ ಉರಿಯುವುದು, ನಿಧಾನಕ್ಕೆ ಉರಿಯುವುದು, ಚಳಿಗೆ ಬಿಸಿಲಿಗೆ ಬದಲಾಗದ್ದು. ಯಾವ ತೋಟಾಕ್ಕೆ ಯಾವುದು ಎಂಬುದಕ್ಕೆ ದಪ್ಪ ಕೈಪಿಡಿಗಳಿವೆ, ಅದರ ಎಚ್ಚರಿಕೆ ಸುಳ್ಳಲ್ಲ. ತಪ್ಪು ಮದ್ದು ಹಾಕಿದರೆ ಬಂದೂಕು ಒಡೆದು ಹಾಕಿದವನ ಮುಖವೇ ಹೋಗುತ್ತದೆ. ಗುರಿ, ವೇಗ, ಬೆಲೆ, ಜೋಪಾನ ಎಲ್ಲದರ ಲೆಕ್ಕ ಅಲ್ಲಿದೆ. ಚಿಗವ್ವ ಕೇಳಿದ ಪ್ರಶ್ನೆಗೆ ಮಾತ್ರ ಅಂಥ ಕೋಷ್ಟಕದಲ್ಲಿ ಜಾಗವಿಲ್ಲ.

ಆ ಮದ್ದುಗಳು ಹೊಗೆಯಿಲ್ಲದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬಾತ ಅಂಥದ್ದನ್ನು ಮಾಡಿ ತೋರಿಸಿದ ಮೇಲೆ ಯುದ್ಧದ ರೀತಿಯೇ ಬದಲಾಯಿತು. ಕರಿಮದ್ದಿನ ಬಂದೂಕು ಹಾರಿಸಿದವನು ತಾನೆಲ್ಲಿದ್ದೇನೆಂದು ಮೋಡದಂಥ ಹೊಗೆಯಿಂದ ಊರಿಗೇ ಸಾರುತ್ತಿದ್ದ. ಈಗ ಗುಂಡು ಬಂದ ದಿಕ್ಕೂ ತಿಳಿಯದಾಯಿತು. ಮದ್ದಿನ ಗುಣವನ್ನು ನಾನು ಅಳೆಯುವುದಾದರೆ ಹೀಗೆ ಅಳೆಯುತ್ತೇನೆ: ಹಾಕಿದವನನ್ನು ಅದು ಎಷ್ಟು ಬಚ್ಚಿಡುತ್ತದೆ? ಕಾಕಾನ ಬಂದೂಕು ಏನನ್ನೂ ಬಚ್ಚಿಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಎಲ್ಲರೂ "ರಾತ್ರಿ ಎರಡ ಸಲ ಹಾರಿಸಿದ್ರೆಲ್ಲ" ಅನ್ನುವವರೇ.

ಚರೆ ಹಾಕುವುದಕ್ಕೆ ಕಾನೂನಿನ ತಡೆಯೂ ಇದೆ. ಬಂದೂಕಿನ ಲೈಸೆನ್ಸು ಕೊಲ್ಲುವ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲೂ ಅಪ್ಪಣೆ ಬೇಕು. ಚಿಗರಿಯನ್ನಂತೂ, ಅಂದರೆ ಕೃಷ್ಣಮೃಗವನ್ನು, ಬೆಳೆ ತಿಂದಿತೆಂಬ ಕಾರಣಕ್ಕೆ ಮುಟ್ಟುವಂತಿಲ್ಲ. ಅದಕ್ಕಾಗಿಯೇ 1974ರಲ್ಲಿ ರಾಣೇಬೆನ್ನೂರಿನ ಹತ್ತಿರ 119 ಚದರ ಕಿಲೋಮೀಟರಿನ ವನ್ಯಧಾಮ ಆಗಿದೆ. ಚಿಗರಿಗೆ ಅದರ ಗಡಿ ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲ. ಕತ್ತಲಲ್ಲಿ ಚದುರಿ ಹಾರುವ ಚರೆಗೆ ಹಂದಿ ಯಾವುದು, ಚಿಗರಿ ಯಾವುದು, ನೀರು ಹಾಯಿಸಲು ಬಂದ ಬಾಜೂ ಹೊಲದವನು ಯಾರು ಎಂಬುದೂ ಗೊತ್ತಿಲ್ಲ.

ಇದೆಲ್ಲಕ್ಕಿಂತ ಕೆಟ್ಟದ್ದು ಬಂದೂಕೇ ಇಲ್ಲದ ಮದ್ದು. ತಿನಿಸಿನೊಳಗೆ ಸಿಡಿಮದ್ದು ಅಡಗಿಸಿ ಹಂದಿಯ ದಾರಿಯಲ್ಲಿಟ್ಟು ಬರುವವರಿದ್ದಾರೆ. ಅದನ್ನು ಕಚ್ಚುವುದು ಹಂದಿಯೇ ಆಗಬೇಕೆಂದಿಲ್ಲ. ಆಕಳೂ ಆದೀತು, ನಾಯಿಯೂ ಆದೀತು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಅಂಥದ್ದನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹೊಳೆಯ ನೀರಲ್ಲಿ ನಿಂತೇ ಸತ್ತಿತು. ಸಿಡಿಯುವ ಹೊತ್ತಿಗೆ ಇಟ್ಟವನು ಮನೆಯಲ್ಲಿ ಮಲಗಿರುತ್ತಾನೆ. ಹೊಗೆಯಿಲ್ಲದ ಮದ್ದು ಆಳನ್ನು ಮರೆಮಾಡಿತು. ಇಲ್ಲಿ ಆಳೇ ಇಲ್ಲ.

ಕಾಗಿನೆಲೆಯವನಾಗಿ ಇಲ್ಲಿ ಕನಕದಾಸರ ಬಾಳೆಹಣ್ಣು ನೆನಪಾಗದೆ ಇರುವುದಿಲ್ಲ. ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ಗುರು ಹೇಳಿದಾಗ ಕನಕ ಒಬ್ಬನೇ ಹಣ್ಣನ್ನು ಹಾಗೆಯೇ ವಾಪಸು ತಂದ ಕತೆ. ಶಾಲೆಯಲ್ಲಿ ಅದನ್ನು ಭಕ್ತಿಯ ಪಾಠವಾಗಿ ಹೇಳಿಕೊಟ್ಟರು. ದೇವರನ್ನು ನಂಬದವನಿಗೂ ಆ ಕತೆ ತಾಗುತ್ತದೆ ಎಂದು ನನಗನ್ನಿಸುತ್ತದೆ; ಹಣ್ಣಿನೊಳಗೆ ಮದ್ದಿಡುವವನು ಹುಡುಕುವುದು ಅಂಥ ಜಾಗವನ್ನೇ ಅಲ್ಲವೆ? ಕನಕ ಆಯುಧ ಕೆಳಗಿಟ್ಟ ನಾಯಕ ಎಂಬುದನ್ನೂ ಜನ ಇಂಥಲ್ಲಿ ಎತ್ತುತ್ತಾರೆ. ಆ ಮಾತನ್ನು ನಾನು ಅಷ್ಟು ಒಪ್ಪುವುದಿಲ್ಲ. ಸಾಲ ಮಾಡಿ ಬೀಜ ಗೊಬ್ಬರ ತಂದವನಿಗೆ ದಂಡನಾಯಕನ ವೈರಾಗ್ಯ ಬೋಧಿಸುವುದು ಸುಲಭ.

ಕಾಕಾನ ವಾದವೂ ಅದೇ ಆಗಿತ್ತು. "ಸಪ್ಪಳಕ್ಕ ಹಂದಿ ಒಂದ ವಾರ ಅಂಜತಾವ. ಆಮ್ಯಾಲ ಅದನ್ನ ಕೇಳಕೋಂತನ ತಿಂತಾವ." ನಿಜ. ದಿನಾ ಅದೇ ಹೊತ್ತಿಗೆ, ಅದೇ ಮೂಲೆಯಿಂದ ಹಾರಿಸಿದರೆ ಯಾವ ಪ್ರಾಣಿಯೂ ಕಲಿತುಬಿಡುತ್ತದೆ. ಹೊತ್ತು ಬದಲಿಸಬೇಕು, ಜಾಗ ಬದಲಿಸಬೇಕು, ನಡುವೆ ಡಬ್ಬಿ ಬಡಿಯಬೇಕು, ಅಂದರೆ ಒಬ್ಬ ಎಚ್ಚರಿರಬೇಕು. ಬರೀ ಮದ್ದಿನ ಖರ್ಚು ನಿಜಕ್ಕೂ ನಿದ್ದೆಯ ಖರ್ಚು. ಚಿಗರಿಯ ಫೋಟೋ ನೋಡಿ ಮರುಗುವ ಊರಿನವರು ಅದರಲ್ಲಿ ಒಂದು ರಾತ್ರಿಯನ್ನೂ ಕೊಡುವುದಿಲ್ಲ. ಈಗ ಊರು ಬಿಟ್ಟಿರುವ ನಾನೂ ಕೊಡುತ್ತಿಲ್ಲ. ಚರೆ ಹಾಕುವುದೆಂದರೆ ಆ ಖರ್ಚನ್ನು ಹಂದಿಯ ಮೇಲೆ ಹೊರಿಸುವುದು. ಅದನ್ನು ಯಾಕೆ ನೀನೊಬ್ಬನೇ ಹೊರಬೇಕು ಎಂದು ರೈತ ಕೇಳಿಕೊಂಡರೆ ತಪ್ಪು ಹುಡುಕಲಾರೆ.

ಒಂದು ವರ್ಷ ಕಾಕಾನ ಬದುವಿಗೆ ಹತ್ತಿದ ನಾಲ್ಕು ಹೊಲದವರು ರಾತ್ರಿಗಳನ್ನು ಪಾಳಿ ಹಂಚಿಕೊಂಡರು. ಅವರಲ್ಲೊಬ್ಬನದು ಎರಡೇ ಎಕರೆ. ಬೆಳಿಗ್ಗೆ ಕೂಲಿಗೆ ಹೋಗಬೇಕಾದವನು, ರಾತ್ರಿ ಕೂರಲಾರ. ಉಳಿದ ಮೂವರು ಅವನ ಪಾಳಿಯನ್ನೂ ತಾವೇ ಕಾದರು. ಸುಗ್ಗಿಯಲ್ಲಿ ಅವನು ಮೂವರ ರಾಶಿಗೂ ಒಂದೊಂದು ದಿನ ಬಂದು ಹೋದ.