ಪತ್ತನಾಜೆಯೊಳಗೆ ಒಂದು ಶನಿವಾರ

ದೀಪಾವಳಿ ಕಳೆಯಿತೆಂದರೆ ನಮ್ಮೂರಿನ ಮನೆಗಳಿಗೆ ಕಾಗದ ಬರಲು ಶುರು. ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ, ಕುಟುಂಬದ ಮನೆಯ ನೇಮ, ಯಾರದೋ ಹರಕೆಯ ಬಯಲಾಟ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ, ಕಂಬಳದ ಗದ್ದೆಗೆ ನೀರು ಬಿಡುತ್ತಾರೆ. ಇದಕ್ಕೆಲ್ಲ ಗಡುವು ಪತ್ತನಾಜೆ, ಅಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ ನಿಲ್ಲುತ್ತದೆ. ಹೆಚ್ಚು ತಡವಿಲ್ಲದೆ ಮಳೆಯೂ ಹಿಡಿದುಕೊಳ್ಳುತ್ತದೆ.

ಗುಡ್ಡ ಹತ್ತುವವರ ಕಾಲವೂ ಇದೇ. ಮಳೆ ಬಿಟ್ಟು ಬಂಡೆ ಒಣಗಬೇಕು, ಪಾಚಿ ಸುಟ್ಟು ಹೋಗಬೇಕು, ಇಂಬಳದ ಕಾಟ ತಗ್ಗಬೇಕು. ಅಷ್ಟಾಗುವಾಗ ನವೆಂಬರ್ ಬಂದಿರುತ್ತದೆ. ಅತ್ತ ಬಿರುಬೇಸಿಗೆ ಬಂದರೆ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಕೆಲವು ದಾರಿಗಳಿಗೆ ಬೀಗ ಹಾಕುತ್ತದೆ. ನಡುವೆ ಉಳಿಯುವ ನಾಲ್ಕೈದು ತಿಂಗಳಲ್ಲಿ ಶನಿವಾರ, ಆದಿತ್ಯವಾರಗಳೆಲ್ಲ ಕಾಗದದವರ ಪಾಲು. ಮಳೆಗಾಲದ ಆಟಿ ತಿಂಗಳಲ್ಲಿ ಯಾರೂ ಕರೆಯುವುದಿಲ್ಲ, ಕೈಯಲ್ಲಿ ರಜೆಯೂ ಇರುತ್ತದೆ. ಆದರೆ ಆಗ ಘಟ್ಟದ ಬುಡದಲ್ಲಿ ಮಳೆ ಸುರಿಯುತ್ತಿರುತ್ತದೆ, ಗುಡ್ಡದ ಬಾಗಿಲು ಮುಚ್ಚಿರುತ್ತದೆ. ಮಂಗಳೂರಿನವನ ಬಿಡುವು ಮತ್ತು ಬೆಟ್ಟದ ಬಿಡುವು ಒಂದಕ್ಕೊಂದು ಮುಖ ಕೊಡುವುದೇ ಇಲ್ಲ.

ಇದು ಬ್ಯಾಂಕುಗಳ ಊರು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆಯಾದಾಗ ಅನೇಕರು ಏನೇನೋ ಲೆಕ್ಕ ಹಾಕಿದ್ದರು. ಓದದೆ ಬಿಟ್ಟ ಪುಸ್ತಕ, ಹೋಗದೆ ಬಿಟ್ಟ ಊರು, ಹತ್ತದೆ ಬಿಟ್ಟ ಗುಡ್ಡ. ಈಗ ಆ ಶನಿವಾರಗಳನ್ನು ನೋಡಿ. ಬೆಳಿಗ್ಗೆ ಮೂಡುಬಿದಿರೆಯಲ್ಲಿ ಗೃಹಪ್ರವೇಶ, ಮಧ್ಯಾಹ್ನ ಬಿ.ಸಿ. ರೋಡಿನಲ್ಲಿ ಮದುವೆಯೂಟ, ಸಂಜೆ ಮಗಳ ಭರತನಾಟ್ಯ ತರಗತಿ, ರಾತ್ರಿ ಅತ್ತೆ ಮನೆಯಲ್ಲಿ ಕೋಲ. ಊಟದ ಮಟ್ಟಿಗೆ ದೂರು ಹೇಳುವಂತಿಲ್ಲ. ಆದರೆ ಸೋಮವಾರ ಕುರ್ಚಿಯಲ್ಲಿ ಕೂರುವಾಗ ಎರಡು ದಿನ ರಜೆಯಿತ್ತೆಂದು ದೇಹಕ್ಕೆ ನಂಬಿಕೆ ಬರುವುದಿಲ್ಲ.

ನಮ್ಮಲ್ಲಿ ಮನೆ ಬಿಟ್ಟು ಹೊರಡಲು ಕಾರಣ ಬೇಕು, ಅದೂ ಹತ್ತು ಜನ ಒಪ್ಪುವ ಕಾರಣ. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದರು, ಗಲ್ಫಿಗೆ ಸಂಬಳಕ್ಕೆ ಹೋದರು, ವರ್ಷಗಟ್ಟಲೆ ಮನೆಯಿಂದ ದೂರ ಉಳಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಹರಕೆ ಹೊತ್ತು ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟರೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುತ್ತಾರೆ. ನಮ್ಮ ಕದ್ರಿಯ ಜೋಗಿ ಮಠಕ್ಕೆ 12 ವರ್ಷಕ್ಕೊಮ್ಮೆ ಹೊಸ ಅರಸನನ್ನು ಕೂರಿಸಲು ನಾಥ ಪಂಥದ ಯೋಗಿಗಳು ನಾಸಿಕ್ ಬಳಿಯ ತ್ರ್ಯಂಬಕೇಶ್ವರದಿಂದ ನಡೆದೇ ಬರುತ್ತಾರೆ, 2016ರಲ್ಲಿ ಬಂದಿದ್ದರು. ಅಷ್ಟು ದೂರ ನಡೆದವರನ್ನು ಊರು ಕೈಮುಗಿದು ಒಳಗೆ ಕರೆಯಿತು. ಅದೇ ಊರಿನ ಒಬ್ಬ ಗುಮಾಸ್ತ ‘ನಾಳೆ ಒಬ್ಬನೇ ಗಡಾಯಿಕಲ್ಲಿಗೆ ಹೋಗಿ ಬರ್ತೇನೆ, ಸುಮ್ಮನೆ’ ಎಂದರೆ ಮನೆಯಲ್ಲಿ ಒಂದು ಕ್ಷಣ ಮಿಕ್ಸಿ ನಿಲ್ಲುತ್ತದೆ. ‘ಒಬ್ರೇ ಎಂತಕ್ಕೆ? ಆಫೀಸಲ್ಲಿ ಎಂತಾದ್ರೂ ಆಯ್ತಾ?’

ಏನೂ ಆಗಿರುವುದಿಲ್ಲ. ಏನೂ ಆಗದೆಯೂ ಒಬ್ಬರೇ ಇರಬೇಕೆನಿಸುತ್ತದೆ ಎಂಬುದನ್ನು ಹೆಂಡತಿಗೆ, ಗಂಡನಿಗೆ, ಅಮ್ಮನಿಗೆ ವಿವರಿಸುವುದಕ್ಕಿಂತ 1,876 ಮೆಟ್ಟಿಲು ಹತ್ತುವುದೇ ಸುಲಭ.

ಗಡಾಯಿಕಲ್ಲಿನಲ್ಲಿ ಇರುವುದು ಅಷ್ಟೇ ಮೆಟ್ಟಿಲು ಎನ್ನುತ್ತಾರೆ. ನಾನು ಎಣಿಸಹೊರಟಾಗಲೆಲ್ಲ ಇನ್ನೂರರ ಆಚೆ ಲೆಕ್ಕ ತಪ್ಪಿದೆ, ಹಾಗಾಗಿ ಹಿರಿಯರ ಮಾತನ್ನೇ ನಂಬಿದ್ದೇನೆ. ಮಂಗಳೂರಿನಿಂದ ಧರ್ಮಸ್ಥಳದ ಬಸ್ಸು ಹತ್ತಿ ಬೆಳ್ತಂಗಡಿಯಲ್ಲಿ ಇಳಿದರೆ ಅಲ್ಲಿಂದ ಏಳೆಂಟು ಕಿಲೋಮೀಟರ್. ನಡ ಗ್ರಾಮದ ತೋಟಗಳ ನಡುವಿನಿಂದ ಸುಮಾರು 1,700 ಅಡಿ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತ ಒಂಟಿ ಬಂಡೆ. ನರಸಿಂಹಗಡ ಎಂಬ ಹೆಸರೂ ಇದೆ, 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಮೇಲೆ ಜಮಲಾಬಾದ್ ಎಂಬುದೂ ಸೇರಿಕೊಂಡಿತು. ಅದು ತಾಯಿಯ ನೆನಪಿಗೆ ಇಟ್ಟ ಹೆಸರು ಎನ್ನುತ್ತಾರೆ. ಐದೇ ವರ್ಷಕ್ಕೆ, 1799ರಲ್ಲಿ, ಕೋಟೆ ಬ್ರಿಟಿಷರ ಕೈಸೇರಿತು. ಈಗ ಕುದುರೆಮುಖ ವನ್ಯಜೀವಿ ವಿಭಾಗದ ಆಡಳಿತ. ಬುಡದಲ್ಲಿ ಹೆಸರು ಬರೆಸಿ, ಶುಲ್ಕ ಕೊಟ್ಟು ಹತ್ತಬೇಕು.

ಮೊದಲು ಸ್ವಲ್ಪ ಹೊತ್ತು ಮರದ ನೆರಳು. ಆಗ ತಲೆಯೊಳಗೆ ಇನ್ನೂ ಆಫೀಸೇ ಇರುತ್ತದೆ: ತಿಂಗಳ ಕೊನೆಯ ವರದಿ, ಮೇಲಿನವರು ಶುಕ್ರವಾರ ಸಂಜೆ ಹೇಳಿದ ಒಂದು ಮಾತು, ಅದಕ್ಕೆ ಕೊಡಬಹುದಾಗಿದ್ದ, ಕೊಡದೇ ಉಳಿದ ಉತ್ತರ. ಜೊತೆಗೆ ಮಗನ ಟ್ಯೂಷನ್ ಫೀಸು, ಅಪ್ಪನ ಬಿ.ಪಿ. ಮಾತ್ರೆ. ನಂತರ ಬಂಡೆಯಲ್ಲೇ ಕಡಿದ ಮೆಟ್ಟಿಲು ಶುರುವಾಗುತ್ತದೆ. ಒಂದು ಗೇಣುದ್ದ, ಮುಂದಿನದು ಮೊಣಕಾಲೆತ್ತರ, ಅದರಾಚೆಯದು ಪಾದದ ಮುಂಭಾಗ ಮಾತ್ರ ಹಿಡಿಸುವಷ್ಟು. ಸವೆದು ನುಣುಪಾದ ಕಡೆ ಹೆಜ್ಜೆಯನ್ನು ಓರೆಯಾಗಿ ಇಡಬೇಕು. ಒಂದು ಮಗ್ಗುಲಿಗೆ ಬಂಡೆಯ ಗೋಡೆ, ಇನ್ನೊಂದು ಮಗ್ಗುಲಿಗೆ ಗಾಳಿ. ಉಸಿರು ಏರುತ್ತದೆ. ಎಷ್ಟು ಏರುತ್ತದೆಂದರೆ ಮೇಲಿನವರಿಗೆ ಉತ್ತರ ಹುಡುಕಲು ಉಸಿರು ಉಳಿಯುವುದಿಲ್ಲ. ಧ್ಯಾನ ಶಿಬಿರದಲ್ಲಿ ಹಣ ಕಟ್ಟಿ ಕುಳಿತರೂ ಕೈಗೆ ಸಿಗದ ಸ್ಥಿತಿ ಇಲ್ಲಿ ಬರೀ ಏದುಸಿರಿನಿಂದ ಸಿಗುತ್ತದೆ.

ಜೊತೆಯಲ್ಲಿ ಜನ ಇದ್ದರೆ ಇದು ಆಗುವುದಿಲ್ಲ. ಸ್ನೇಹಿತರ ಗುಂಪಿನಲ್ಲಿ ಹೋದಾಗ ಹೆಜ್ಜೆಹೆಜ್ಜೆಗೆ ಮಾತು, ನಾಲ್ಕು ಹೆಜ್ಜೆಗೊಂದು ಸೆಲ್ಫಿ. ಹಿಂದೆ ಬಿದ್ದವನಿಗೆ ಕಾಯಬೇಕು, ಮುಂದೆ ಓಡಿದವನನ್ನು ಕೂಗಬೇಕು. ಅದೂ ಖುಷಿಯೇ, ಆದರೆ ಅದು ಬೇರೆ ಖುಷಿ. ಮನೆಯವರ ಜೊತೆ ಹೋದರೆ ನೀರು ತಂದಿದ್ದೀರಾ, ಟೊಪ್ಪಿ ಎಲ್ಲಿ, ಮಗು ಅಂಚಿಗೆ ಹೋಗುತ್ತಿದೆ ಎಂಬ ಕಾವಲು ಕೆಲಸ ಬೆನ್ನಿಗೇ ಬರುತ್ತದೆ. ಒಬ್ಬರೇ ಹತ್ತುವಾಗ ಕೂರಬೇಕೆನಿಸಿದಲ್ಲಿ ಕೂರಬಹುದು. ಅರ್ಧಕ್ಕೆ ಸಾಕೆನಿಸಿದರೆ ಇಳಿಯಬಹುದು, ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ನೆತ್ತಿಯಲ್ಲಿ ಕುಸಿದ ಗೋಡೆ, ಮಳೆನೀರು ನಿಲ್ಲುವ ಒಂದು ಕೆರೆ, ಮಲಗಿದ ಒಂದು ಫಿರಂಗಿ. ದೂರಸಂಪರ್ಕದ ಒಂದು ಹಳೆಯ ಮರುಪ್ರಸಾರ ಕೇಂದ್ರದ ಪಳೆಯುಳಿಕೆಯೂ ಇದೆ, ಫೋನಿನಿಂದ ತಪ್ಪಿಸಿಕೊಂಡು ಬಂದವರಿಗೆ ಅಣಕ ಮಾಡುವ ಹಾಗೆ. ಪೂರ್ವಕ್ಕೆ ಕುದುರೆಮುಖದ ಸಾಲು ಗೋಡೆಯಂತೆ ನಿಂತಿದೆ. ನೇತ್ರಾವತಿ ಹುಟ್ಟುವುದು ಆ ಸಾಲಿನಲ್ಲೇ. ಅದೇ ನೀರು ತುಂಬೆಯ ಅಣೆಕಟ್ಟಿನಲ್ಲಿ ನಿಂತು, ಪಂಪಾಗಿ, ಮಣ್ಣಗುಡ್ಡ, ಬಿಜೈ, ಅತ್ತಾವರಗಳ ನಲ್ಲಿಗೆ ಬರುತ್ತದೆ. ನಲ್ಲಿ ಬಾರದ ದಿನ ಪಾಲಿಕೆಗೆ ಬೈಯುತ್ತೇವೆ, ಬಂದ ದಿನ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಅದೇ ಬೆಟ್ಟಗಳಾಚೆಯಿಂದ ಕಬ್ಬಿಣದ ಅದಿರೂ ಕೆಸರಾಗಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮಂಗಳೂರಿಗೆ ಈ ಘಟ್ಟದಿಂದ ಏನಾದರೂ ಇಳಿದು ಬರುತ್ತಲೇ ಇರಬೇಕು ಎಂಬುದು ನಮ್ಮ ಲೆಕ್ಕ. ನಾವು ಹತ್ತಿ ಹೋಗುವುದು ಅಪರೂಪ.

ಹತ್ತುವವರು ಈಚೆಗೆ ಹೆಚ್ಚಿದ್ದಾರೆ, ಅದು ಬೇರೆ ಕಥೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ಚಿತ್ರಗಳನ್ನು ನೋಡಿರುತ್ತೀರಿ. ಜಾತ್ರೆಯಲ್ಲಿ ತೇರು ಎಳೆಯುವಾಗಲಾದರೂ ಅದಕ್ಕಿಂತ ಹೆಚ್ಚು ಜಾಗ ಸಿಗುತ್ತದೆ. ಸರಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಜನ, ಅದೂ ಮೊದಲೇ ಕಾಯ್ದಿರಿಸಿದವರು ಮಾತ್ರ. ಏಕಾಂತಕ್ಕೂ ಟಿಕೆಟ್ ಬುಕ್ ಮಾಡಬೇಕಾ ಎಂದು ಗೊಣಗುವವರಿದ್ದಾರೆ. ನನಗೆ ಇದು ಒಳ್ಳೆಯ ಕ್ರಮವೆಂದೇ ಅನಿಸುತ್ತದೆ. ಟಿಕೆಟ್ ಇಲ್ಲದಿದ್ದಾಗ ಏಕಾಂತವೂ ಇರಲಿಲ್ಲ, ಬರೀ ಪ್ಲಾಸ್ಟಿಕ್ ಬಾಟಲಿ ಇತ್ತು. ಕುದುರೆಮುಖದ ಶಿಖರಕ್ಕಂತೂ ಗೈಡ್ ಜೊತೆಗಿರಲೇಬೇಕು, ಅಲ್ಲಿ ಪೂರ್ತಿ ಒಂಟಿಯಾಗುವ ಆಸೆ ಬಿಡಬೇಕು. ಗುಂಪಿನಲ್ಲಿ ನಡೆಯುವ ಮನಸ್ಸಿದ್ದವರಿಗೆ ಕಲಾವಿದ ದಿನೇಶ್ ಹೊಳ್ಳರ ಸಹ್ಯಾದ್ರಿ ಸಂಚಯದಂಥ ಬಳಗಗಳು ನಮ್ಮೂರಲ್ಲೇ ಇವೆ. ಘಟ್ಟವನ್ನು ನೋಡುವ ಕಣ್ಣು ಅಲ್ಲಿ ಸಿಗುತ್ತದೆ, ಒಬ್ಬರೇ ಹೋಗುವುದು ಆಮೇಲೆ.

ಒಬ್ಬರೇ ಹೋಗುವವರಿಗೆ ಹಟ ಇರಬಾರದು. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಬಂದದ್ದು 1943ರಲ್ಲಿ. ಅದರಲ್ಲಿ ದಾರಿ ತಪ್ಪಿದ ಒಂಟಿ ಪಯಣಿಗನಿಗೆ ಕಾಡಿನ ನಡುವೆ ಗೋಪಾಲಯ್ಯನ ಮನೆ ಸಿಗುತ್ತದೆ, ಬಿಸಿನೀರು, ಊಟ, ಹಾಸಿಗೆ ಎಲ್ಲ ಸಿಗುತ್ತದೆ. ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ಎಷ್ಟೋ ವರ್ಷ ಚಾರಣಿಗರಿಗೆ ಹೀಗೇ ಅನ್ನ ಹಾಕಿದೆ. ಆದರೆ ಎಲ್ಲ ಗುಡ್ಡದಲ್ಲೂ ಗೋಪಾಲಯ್ಯ ಇರುವುದಿಲ್ಲ. ಯಾವ ಗುಡ್ಡ, ಯಾವ ಬಸ್ಸು, ಎಷ್ಟು ಹೊತ್ತಿಗೆ ಇಳಿಯುತ್ತೇನೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿಯೇ ಹೊರಡಬೇಕು. ಎರಡು ಲೀಟರ್ ನೀರು ಹೊರಬೇಕು. ಬೆಳಿಗ್ಗೆ ಬೇಗ ಹತ್ತಿ ಬಂಡೆ ಕಾಯುವ ಮೊದಲೇ ಇಳಿದುಬಿಡಬೇಕು. ಮಳೆಗಾಲದಲ್ಲಿ ಕದ್ದು ಹತ್ತುವ ಸಾಹಸವಂತೂ ಬೇಡ, ಆ ಮೆಟ್ಟಿಲುಗಳು ಒದ್ದೆಯಾದರೆ ಸೋಪಿನಂತೆ ಜಾರುತ್ತವೆ. ಆಟಿಯಲ್ಲಿ ಕಾಲು ತುರಿಸಿದರೆ ಊರೊಳಗೇ ನಡೆಯಿರಿ. ಬಾವುಟಗುಡ್ಡ ಇಳಿದು, ಕೊಡಿಯಾಲಬೈಲು ದಾಟಿ, ಕದ್ರಿಯ ಗುಡ್ಡ ಹತ್ತಿ, ಅಲ್ಲಿನ ಕೆರೆಗಳನ್ನು ನೋಡಿ, ಮೇಲಿನ ಮಠದ ತನಕ. ಕದ್ರಿ ದೇವಸ್ಥಾನದ ಒಳಗೆ ಆಳುಪರ ಕಾಲದ, ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಸಾವಿರ ವರ್ಷದ ಆ ಮುಖವನ್ನು ನಿಂತು ನೋಡಲು ಕೊಡೆ ಹಿಡಿದ ಒಬ್ಬನೇ ಒಬ್ಬನಿಗೆ ಆಟಿಯ ಮಧ್ಯಾಹ್ನದಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಹೀಗೆ ಒಂದು ದಿನ ಹೋಗಿ ಬಂದವನು ಮರುದಿನದಿಂದ ಒಳ್ಳೆಯ ಗಂಡ, ಶಾಂತ ಅಪ್ಪ ಆಗಿಬಿಡುತ್ತಾನೆ ಎಂದು ನಾನು ಭರವಸೆ ಕೊಡುವುದಿಲ್ಲ. ಮೀನಖಂಡ ಹಿಡಿದುಕೊಂಡು ಎರಡು ದಿನ ಮೆಟ್ಟಿಲಿಳಿಯಲು ಆಗುವುದಿಲ್ಲ ಎಂಬುದು ಮಾತ್ರ ಖಚಿತ. ಮನೆಗೆ ಲಾಭವೇನು ಎಂದು ಕೇಳಿದರೆ ಇಲ್ಲ ಎಂದೇ ಹೇಳಬೇಕು. ಪ್ರತಿಯೊಂದು ರಜೆಯೂ ಮನೆಗೆ, ಆಫೀಸಿಗೆ ಲಾಭ ತರಬೇಕೆಂಬ ಹಟವೇ ನಮ್ಮನ್ನು ಇಷ್ಟು ಸುಸ್ತು ಮಾಡಿರುವುದು.

ಈವರೆಗೆ ಹೇಳಿದ್ದೆಲ್ಲ ಗಂಡಸಿನ ಮಾತಾಯಿತು. ‘ಒಬ್ರೇ ಎಂತಕ್ಕೆ’ ಎಂಬ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಗಂಡಸಿಗೆ ಬಸ್ಸು ಸಿಗುತ್ತದೆ. ಹೆಂಗಸಿಗೆ ಅದೊಂದೇ ಪ್ರಶ್ನೆ ಅಲ್ಲ. ಬೆಳಿಗ್ಗೆ ಹೊರಡುವ ಮೊದಲೇ ಮಧ್ಯಾಹ್ನದ ಅಡುಗೆ ಆಗಿರಬೇಕು, ಮಾವನ ಮಾತ್ರೆ ಎಣಿಸಿಟ್ಟಿರಬೇಕು. ಬಸ್ಸಿನಲ್ಲಿ, ಟಿಕೆಟ್ ಕೌಂಟರಿನಲ್ಲಿ, ಬಂಡೆಯ ಮೇಲೆ ಎಲ್ಲರೂ ಅವಳ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೆಯೇ ಎಂದು ಇಣುಕುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಮಂಗಳೂರಿನಿಂದ ಬೆಳ್ತಂಗಡಿಗೆ ಅವಳಿಗೆ ಒಂದು ಪೈಸೆ ಖರ್ಚಿಲ್ಲ. ಧರ್ಮಸ್ಥಳಕ್ಕೆ, ಕುಕ್ಕೆಗೆ ಆ ಬಸ್ಸುಗಳಲ್ಲಿ ಹೆಂಗಸರು ತುಂಬಿ ಹೋಗುತ್ತಾರೆ, ಸಂತೋಷ. ಆದರೆ ಅವರ ನಡುವಿನಿಂದ ಒಬ್ಬಳೇ ಎದ್ದು, ಬೆಳ್ತಂಗಡಿಯಲ್ಲಿ ಇಳಿದು, ಗುಡ್ಡದ ಕಡೆ ರಿಕ್ಷಾ ಹಿಡಿಯುವವಳನ್ನು ನಾನು ಕಂಡದ್ದು ಬಹಳ ಕಡಿಮೆ. ಟಿಕೆಟಿನ ಹಣ ಸರಕಾರ ಕೊಟ್ಟಿದೆ, ದಿನವನ್ನು ಮನೆಯವರೇ ಕೊಡಬೇಕು.

ಹಾಗಾಗಿ ಗಂಡಸರಲ್ಲಿ, ಮಕ್ಕಳಲ್ಲಿ ಒಂದು ಕೋರಿಕೆ. ಈ ಸಲ ಮನೆಯಲ್ಲಿ ತಲೆಗೊಂದು ಶನಿವಾರ ಹಂಚಿಕೊಳ್ಳಿ, ಮೊದಲ ಸರದಿ ಅಮ್ಮನಿಗೆ ಕೊಡಿ. ಅವಳು ಮೆಟ್ಟಿಲು ಹತ್ತುತ್ತಿರುವಾಗ ಸಾರಿನ ಪುಡಿ ಎಲ್ಲಿದೆ ಎಂದು ಮಾತ್ರ ಫೋನ್ ಮಾಡಬೇಡಿ.