ಬೆಕ್ಕಿನ ಪಥ್ಯವೂ ಮನೆಯ ಧರ್ಮವೂ

ಧರ್ಮಸಂಕಟವೆಂಬುದು ರಾಜರಿಗೂ ಋಷಿಗಳಿಗೂ ಮಾತ್ರವೇ ಒದಗತಕ್ಕದ್ದೆಂದು ಪುರಾಣಶ್ರವಣದಿಂದ ಜನರಿಗೆ ಒಂದು ಭಾವನೆ ಉಂಟಾಗಿದೆ. ಆದರೆ ಅಡಿಗೆಯ ಮನೆಯ ಹೊಸ್ತಿಲಲ್ಲಿ ಕುಳಿತು ಕೂಗುವ ಮುದಿ ಬೆಕ್ಕಿನ ರೂಪದಿಂದಲೂ ಅದು ಸಾಮಾನ್ಯ ಗೃಹಸ್ಥನನ್ನು ಹುಡುಕಿಕೊಂಡು ಬರುವುದುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಬೆಕ್ಕಿಲ್ಲದ ಬೀದಿಯಿಲ್ಲ. ಮಧುಮೇಹದ ಹೆಸರು ಕೇಳದ ಮನೆಯೂ ಇಲ್ಲ. ಬೆಕ್ಕಿಗೇ ಆ ರೋಗವು ಬಂದಾಗ ಹುಟ್ಟುವ ಪ್ರಶ್ನೆಯು ಅಲ್ಪವೆಂದು ತಳ್ಳಿಬಿಡತಕ್ಕದ್ದಲ್ಲ.

ದೃಷ್ಟಾಂತಕ್ಕಾಗಿ ಶಿಡ್ಲಘಟ್ಟದ ಒಂದು ಸಸ್ಯಾಹಾರಿ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ರೇಷ್ಮೆಹುಳುವಿನ ಮನೆಗೆ ಇಲಿಯ ಕಾಟ ತಪ್ಪಲೆಂದು ಹಿಂದೆ ತಂದ ಗಂಡುಬೆಕ್ಕೊಂದು ಅಲ್ಲಿದೆ. ಹುಳು ಸಾಕುವುದು ನಿಂತು ವರ್ಷಗಳಾದುವು. ಬೆಕ್ಕು ಮಾತ್ರ ಉಳಿಯಿತು. ಬೇಟೆ ತಪ್ಪಿದ ಮೇಲೆ, ಮನೆಯ ಅಜ್ಜಿ ಮೂರು ಹೊತ್ತು ಕಲಸಿಟ್ಟ ಹಾಲನ್ನ ಮೊಸರನ್ನಗಳಿಂದಲೇ ಅದು ಮೈ ತುಂಬಿ, ಕೂತಲ್ಲಿಂದ ಏಳದಂತಾಯಿತು. ಹತ್ತನೆಯ ವಯಸ್ಸಿಗೆ ಬಾಯಾರಿಕೆ ಹೆಚ್ಚಿತು. ಎಷ್ಟು ತಿಂದರೂ ಮೈ ಇಳಿಯಿತು. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುವಂತೆ ಕುಸಿದು ನಡೆಯತೊಡಗಿತು. ಪಶುವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿ ಮಧುಮೇಹವೆಂದರು. ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್ ಚುಚ್ಚಬೇಕೆಂದರು. ಅನ್ನವನ್ನು ಬಿಡಿಸಿ ಮಾಂಸದ ಆಹಾರವನ್ನು ಕೊಡಬೇಕೆಂದರು. ಸೂಜಿಯ ಮಾತಿಗೆ ಮನೆಯವರೆಲ್ಲರೂ ಒಪ್ಪಿದರು. ಮಾಂಸದ ಮಾತಿಗೆ ಅಜ್ಜಿಯವರು, "ಹಾಗಾದರೆ ನಾನು ಇಷ್ಟು ವರ್ಷ ಅದಕ್ಕೆ ಇಟ್ಟದ್ದು ವಿಷವೇ?" ಎಂದು ಕೇಳಿ ಸುಮ್ಮನಾದರು.

ಅಜ್ಜಿಯ ಪಕ್ಷವನ್ನು ಮೊದಲು ಗೌರವದಿಂದ ವಿಚಾರಿಸುವುದು ನ್ಯಾಯವು. ಮನುಸ್ಮೃತಿಯ ಐದನೆಯ ಅಧ್ಯಾಯವು ಕೊಂದವನೊಬ್ಬನನ್ನೇ ಘಾತಕನೆಂದು ಎಣಿಸುವುದಿಲ್ಲ. ಅನುಮತಿಯಿತ್ತವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು ಇವರೆಲ್ಲರನ್ನೂ ಅದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಹೀಗಿರುವಲ್ಲಿ ಒಂದು ಬೆಕ್ಕನ್ನು ಬದುಕಿಸುವುದಕ್ಕಾಗಿ ಎಷ್ಟೋ ಕೋಳಿಗಳ ಸಾವಿಗೆ ಕಾರಣರಾಗುವುದು ದಯೆಯೇ? ಒಂದು ಪ್ರಾಣಿಗೆ ಹೆಸರಿಟ್ಟು ಕರೆದದ್ದರಿಂದ ಅದರ ಪ್ರಾಣಕ್ಕೆ ಬೆಲೆ ಏರಿ, ಹೆಸರಿಲ್ಲದ ಕೋಳಿಯ ಪ್ರಾಣಕ್ಕೆ ಬೆಲೆ ಇಳಿಯುವುದೇ? ಈ ಆಕ್ಷೇಪಣೆಯು ಮೌಢ್ಯದಿಂದ ಹುಟ್ಟಿದ್ದಲ್ಲ. ಇದನ್ನು ನಗೆಯಿಂದ ಹಾರಿಸಿಬಿಡುವವರು ಪ್ರಶ್ನೆಯ ಅರ್ಧವನ್ನು ಮಾತ್ರ ಕಂಡವರು.

ಇನ್ನು ಬೆಕ್ಕಿನ ದೇಹವನ್ನು ನೋಡತಕ್ಕದ್ದು. ನಾಯಿಯು ಅನ್ನವನ್ನೂ ಮಾಂಸವನ್ನೂ ಅರಗಿಸಿಕೊಳ್ಳಬಲ್ಲದು. ಬೆಕ್ಕಾದರೋ ಹುಟ್ಟಿನಿಂದ ಮಾಂಸವೊಂದನ್ನೇ ನಂಬಿದ ಪ್ರಾಣಿ. ಪಿಷ್ಟವನ್ನು ಕರಗಿಸುವ ರಸವು ಅದರ ಜೊಲ್ಲಿನಲ್ಲಿಲ್ಲ. ಸಿಹಿಯ ರುಚಿಯನ್ನು ಅರಿಯುವ ಶಕ್ತಿಯೇ ಅದರ ನಾಲಿಗೆಗೆ ಇಲ್ಲವೆಂಬುದಕ್ಕೆ ಕಾರಣವನ್ನು ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದರು. ಟಾರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಲಾರದು. ಅದು ಮಾಂಸದಿಂದಲೇ ದೊರೆಯಬೇಕು. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದು. ಹೃದಯವೂ ದುರ್ಬಲವಾಗುವುದೆಂದು 1987ರಲ್ಲಿ ಸಿದ್ಧವಾಯಿತು. ಬೇಟೆಯಾಡಿ ಬದುಕುವ ಬೆಕ್ಕಿನ ಆಹಾರಬಲದಲ್ಲಿ ಪಿಷ್ಟದಿಂದ ಬರುವ ಭಾಗವು ಶೇಕಡ ಒಂದೆರಡಕ್ಕೆ ಮೀರದು. ಮಧುಮೇಹದ ಬೆಕ್ಕಿಗೆ ಅದು ಶೇಕಡ 12ರೊಳಗೆ ಇರಬೇಕೆಂದು ವೈದ್ಯರು ಹೇಳುತ್ತಾರೆ. ಮೊಸರನ್ನದ ಬಟ್ಟಲು ಈ ಮಿತಿಯನ್ನು ಎಷ್ಟೋ ಪಾಲು ದಾಟಿದೆ. ಅಂಗಡಿಯಲ್ಲಿ ಮಾರುವ ಒಣ ಬಿಲ್ಲೆಯಂಥ ಆಹಾರವು ಸಹ, ಅಂಟಿಕೊಂಡು ನಿಲ್ಲುವುದಕ್ಕೆ ಪಿಷ್ಟವು ಬೇಕಾದುದರಿಂದ, ಸಾಮಾನ್ಯವಾಗಿ ಅದನ್ನು ದಾಟುತ್ತದೆ. ಆದಕಾರಣವೇ ವೈದ್ಯರು ಡಬ್ಬಿಯಲ್ಲಿ ಬರುವ ತೇವದ ಮಾಂಸಾಹಾರವನ್ನು ಮೇಲೆಂದು ಹೇಳುವರು. ರೋಗವು ಹೊಸದಾಗಿರುವಾಗಲೇ ಇನ್ಸುಲಿನ್ನನ್ನೂ ಈ ಪಥ್ಯವನ್ನೂ ಕೂಡಿಸಿ ನಡೆಯಿಸಿದರೆ, ಕೆಲವು ಬೆಕ್ಕುಗಳು ತಿಂಗಳುಗಳೊಳಗೆ ಸೂಜಿಯ ಹಂಗನ್ನೇ ಕಳೆದುಕೊಳ್ಳುವುದುಂಟು.

ಮನುಷ್ಯನ ಪಥ್ಯವನ್ನು ಬೆಕ್ಕಿಗೆ ಹೊಂದಿಸುವುದೇ ಇಲ್ಲಿ ಮೊದಲ ತಪ್ಪು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಮೇಹದ ಪೂರ್ವಸೂಚನೆಯಾಗಿ ಹೇಳಿದ ಚರಕಸಂಹಿತೆಯು ಆ ರೋಗಿಗೆ ಯವಧಾನ್ಯವನ್ನು ವಿಧಿಸಿದೆ. ಈ ಸೀಮೆಯ ಮನೆಗಳಲ್ಲಿ ರಾಗಿಯನ್ನು ನಂಬಿರುವರು. ಎರಡೂ ಬೆಕ್ಕಿಗೆ ಸಲ್ಲವು. ಪ್ರತಿಯೊಂದು ದೇಹಕ್ಕೂ ಅದರದರ ಸಾತ್ಮ್ಯವುಂಟೆಂಬ ತತ್ತ್ವವು ಅದೇ ವೈದ್ಯಶಾಸ್ತ್ರದಲ್ಲಿದೆ. ಶಿಡ್ಲಘಟ್ಟದವರಿಗೆ ಇದನ್ನು ಗ್ರಂಥದಿಂದ ತೋರಿಸಬೇಕಾದದ್ದಿಲ್ಲ. ರೇಷ್ಮೆಹುಳುವಿಗೆ ಹಿಪ್ಪುನೇರಳೆಯ ಸೊಪ್ಪೇ ಆಹಾರ. ಸೊಪ್ಪು ಸಿಕ್ಕದ ದಿನ ಹುಳುವಿನ ತಟ್ಟೆಗೆ ಹುರುಳಿಸೊಪ್ಪನ್ನು ಸುರಿದು, "ಹೊಟ್ಟೆಗೆ ಹಾಕಿದ್ದೇನೆ" ಎಂದು ಹೇಳುವ ರೈತನಿಲ್ಲ. ಹುಳುವಿನಲ್ಲಿ ಕಾಣುವ ಈ ಸ್ವಭಾವನಿಯಮವನ್ನು ಬೆಕ್ಕಿನಲ್ಲಿ ಕಾಣದಿರುವುದಕ್ಕೆ ಕಾರಣವು ದಯೆಯಲ್ಲ, ಮುಜುಗರ.

ಹಾಗಾದರೆ ಸಿದ್ಧಾಂತವೇನು? ವ್ರತವು ಅದನ್ನು ಸ್ವೀಕರಿಸಿದವನಿಗೆ ಸೇರಿದ್ದು. ಸ್ವೀಕರಿಸದವನ ತಲೆಯ ಮೇಲೆ ಅದನ್ನು ಹೊರಿಸಲಾಗದು. ಘಾತಕರ ಪಟ್ಟಿಯನ್ನು ಕೊಟ್ಟ ಮನುಸ್ಮೃತಿಯ ಅದೇ ಅಧ್ಯಾಯವು, ಕೋರೆಯುಳ್ಳ ಪ್ರಾಣಿಗಳಿಗೆ ಕೋರೆಯಿಲ್ಲದವು ಆಹಾರವೆಂದೂ, ತಿನ್ನುವವನ್ನೂ ತಿನ್ನಲ್ಪಡುವವನ್ನೂ ಒಬ್ಬ ಸೃಷ್ಟಿಕರ್ತನೇ ಮಾಡಿದನೆಂದೂ ಹೇಳುತ್ತದೆ. ಶಿಬಿಯ ಕಥೆಯನ್ನು ಎಲ್ಲರೂ ಬಲ್ಲರು. ಪಾರಿವಾಳಕ್ಕೆ ಅಭಯವನ್ನಿತ್ತ ಆ ರಾಜನು ಗಿಡುಗದ ಮುಂದೆ ಹಣ್ಣುಹಂಪಲನ್ನು ಇಟ್ಟು ಅಹಿಂಸೆಯನ್ನು ಬೋಧಿಸಲಿಲ್ಲ. ಗಿಡುಗಕ್ಕೆ ಮಾಂಸವೇ ಆಹಾರವೆಂದು ಒಪ್ಪಿ, ತನ್ನ ತೊಡೆಯನ್ನೇ ಕೊಯ್ದು ತೂಗಿದನು. ಅಂದರೆ ತನ್ನ ದಯೆಯ ಬೆಲೆಯನ್ನು ತಾನೇ ತೆತ್ತನು; ಹಸಿದ ಪ್ರಾಣಿಯಿಂದ ತೆರಿಸಲಿಲ್ಲ. ಕನ್ನಡ ನಾಡಿನ ಮಕ್ಕಳೆಲ್ಲರೂ ಕೇಳಿ ಕಣ್ಣೀರಿಟ್ಟ ಗೋವಿನ ಹಾಡಿನಲ್ಲಿಯೂ ಪುಣ್ಯಕೋಟಿಯ ಸತ್ಯಕ್ಕೆ ಮನಸೋತ ಹುಲಿಯು ಪ್ರಾಣವನ್ನು ಬಿಟ್ಟಿತೇ ಹೊರತು ಹುಲ್ಲು ಮೇಯುವುದಕ್ಕೆ ಹೋಗಲಿಲ್ಲ. ಹುಲಿಗೆ ಅಹಿಂಸೆಯೆಂದರೆ ಮರಣವೆಂಬುದನ್ನು ಆ ಹಾಡು ಮರೆಮಾಚಿಲ್ಲ. ಮೊಸರನ್ನವನ್ನಿಟ್ಟು ಬೆಕ್ಕಿನಿಂದ ವ್ರತವನ್ನು ಮಾಡಿಸುವ ಮನೆಯು ಅದೇ ಮರಣವನ್ನು ನಿಧಾನವಾಗಿ ಬಡಿಸುತ್ತದೆ.

ಕೋಳಿಯ ಪ್ರಾಣದ ಪ್ರಶ್ನೆಯು ಇಷ್ಟರಿಂದ ತೀರಿಹೋಗಲಿಲ್ಲ; ಅದು ತೀರುವಂಥದೂ ಅಲ್ಲ. ಆದರೆ ಹಿಂಸೆಯು ಈ ಬಟ್ಟಲಿನೊಡನೆಯೇ ಮೊದಲ ಬಾರಿಗೆ ಮನೆಯನ್ನು ಹೊಕ್ಕಿತೆಂಬುದು ನಿಜವಲ್ಲ. ಪೂಜೆಗೆ ಉಡುವ ಪಟ್ಟೆಮಡಿಯ ಒಂದೊಂದು ಎಳೆಯೂ ಕುದಿಯುವ ನೀರಿನಿಂದಲೋ ಬಿಸಿ ಹಬೆಯಿಂದಲೋ ಗೂಡಿನೊಳಗೇ ಸತ್ತ ಹುಳುವಿನಿಂದ ಬಂದದ್ದು. ಒಂದು ಸೀರೆಗೆ ಅಂಥ ಗೂಡುಗಳು ಸಾವಿರಗಟ್ಟಲೆ ಬೇಕು. ಟೊರಾಂಟೊ ನಗರದಲ್ಲಿ 1921ರಲ್ಲಿ ಕಂಡುಹಿಡಿದ ಇನ್ಸುಲಿನ್ನನ್ನು ಆರು ದಶಕಗಳವರೆಗೆ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಇನ್ಸುಲಿನ್ ಬಳಕೆಗೆ ಬಂದದ್ದು 1982ರಲ್ಲಿ. ಅಲ್ಲಿಯವರೆಗೆ ಎಂಥ ಆಚಾರವಂತ ಮಧುಮೇಹಿಗಾದರೂ ಆ ಔಷಧದ ಹೊರತು ಬೇರೆ ಇನ್ಸುಲಿನ್ ಇರಲಿಲ್ಲ. ಹಂದಿಯ ಇನ್ಸುಲಿನ್ನನ್ನು ಪ್ರಾಣಿಗಳಿಗೆ ಇಂದಿಗೂ ಕೊಡುವುದುಂಟು. ಇದನ್ನು ಹೇಳುವುದು ಒಂದು ಹಿಂಸೆಯಿಂದ ಇನ್ನೊಂದನ್ನು ಸಮರ್ಥಿಸುವುದಕ್ಕಲ್ಲ. ತನ್ನ ಉಡಿಗೆಗೂ ತನ್ನ ಪ್ರಾಣಕ್ಕೂ ಒಪ್ಪಿದ ವಿನಾಯಿತಿಯನ್ನು ಮನುಷ್ಯನು ಬಾಯಿಲ್ಲದ ಪ್ರಾಣಿಗೆ ನಿರಾಕರಿಸುವುದು ಧರ್ಮದ ತಕ್ಕಡಿಯಲ್ಲಿ ಸರಿತೂಗದೆಂದು ತೋರಿಸುವುದಕ್ಕೆ.

ಉಳಿದ ದೋಷವನ್ನು ಒಪ್ಪಿಕೊಂಡು ಅದನ್ನು ಕಿರಿದಾಗಿಸುವುದೇ ಮಾರ್ಗ. ಔಷಧದಂತೆ ಅಳೆದು ಕೊಡತಕ್ಕದ್ದು, ಚೆಲ್ಲುವಷ್ಟು ತರಬಾರದು. ಬೇಯಿಸಿದ ಕೋಳಿಮೊಟ್ಟೆಯಲ್ಲಿ ಪಿಷ್ಟವು ಅತ್ಯಲ್ಪ, ಅದರಲ್ಲಿ ಕೊಲೆಯೂ ನೇರವಾಗಿಲ್ಲ. ಅದನ್ನು ಒಂದು ಭಾಗವಾಗಿ ಕೊಡಬಹುದು, ಅದೊಂದೇ ಸಾಲದು. ಕಾರ್ಖಾನೆಯ ಟಾರಿನ್ ಸೇರಿಸಿದ ಸಸ್ಯಾಹಾರವೂ ಬೆಕ್ಕಿಗಾಗಿ ತಯಾರಾಗುತ್ತಿದೆ. ಆದರೆ ಧಾನ್ಯ ಬೇಳೆಗಳಿಂದಾದುದು ಮಧುಮೇಹಕ್ಕೆ ಒಗ್ಗುವುದು ಕಷ್ಟ. ಮನೆಯಲ್ಲಿ ಬೇಯಿಸಿದ ಬರಿಯ ಕೋಳಿಮಾಂಸವೂ ಪೂರ್ಣಾಹಾರವಲ್ಲ: ಮೂಳೆಯ ಸುಣ್ಣದ ಅಂಶವು ಅದರಲ್ಲಿಲ್ಲ, ಬೇಯಿಸಿದ ನೀರನ್ನು ಚೆಲ್ಲಿದರೆ ಟಾರಿನ್ನೂ ಅದರೊಡನೆ ಹೋಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರಂತೂ ಬೆಕ್ಕಿನ ರಕ್ತವನ್ನು ಕೆಡಿಸುವ ವಿಷವೇ ಸರಿ.

ಸದುದ್ದೇಶದ ಆತುರವೂ ಇಲ್ಲಿ ಕೊಲ್ಲಬಲ್ಲದು. ಅನ್ನವನ್ನು ನಿಲ್ಲಿಸಿ ಇನ್ಸುಲಿನ್ನಿನ ಅಳತೆಯನ್ನು ಹಳೆಯದರಂತೆಯೇ ಇಟ್ಟರೆ, ರಕ್ತದ ಸಕ್ಕರೆಯು ಒಮ್ಮೆಗೇ ಕುಸಿಯುವುದು. ಆಗ ಬೆಕ್ಕು ತೂರಾಡುವುದು, ನಡುಗುವುದು, ಮೂರ್ಛೆ ಬೀಳುವುದು. ಅಂಥ ಸಮಯದಲ್ಲಿ ಜೇನುತುಪ್ಪವನ್ನು ವಸಡಿಗೆ ಸವರಿ ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು. ಮೂರ್ಛೆಹೋದ ಪ್ರಾಣಿಯ ಗಂಟಲಿಗೆ ಏನನ್ನೂ ಹೊಯ್ಯಬಾರದು. ಆದಕಾರಣ ಆಹಾರವನ್ನು ವಾರ ಹತ್ತು ದಿನಗಳಲ್ಲಿ ಮೆಲ್ಲಮೆಲ್ಲನೆ, ವೈದ್ಯರಿಂದ ಔಷಧದ ಅಳತೆಯನ್ನು ತಿದ್ದಿಸಿಕೊಳ್ಳುತ್ತ ಬದಲಿಸತಕ್ಕದ್ದು. ಹೊಸ ಆಹಾರವನ್ನು ಮುಟ್ಟದಿದ್ದರೆ "ಹಸಿದಾಗ ತಿನ್ನುತ್ತದೆ" ಎಂದು ಉಪವಾಸ ಕೆಡವಲಾಗದು; ದಪ್ಪನಾದ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಯಕೃತ್ತು ಕೆಟ್ಟು ಸಾಯಬಹುದು. ಊಟವನ್ನು ಬಿಟ್ಟ ಹೊತ್ತಿನಲ್ಲಿ ವೈದ್ಯರನ್ನು ಕೇಳದೆ ಸೂಜಿಯನ್ನೂ ಚುಚ್ಚಬಾರದು. ಮೂತ್ರಪಿಂಡದ ರೋಗವೂ ಜೊತೆಗಿದ್ದರೆ ಪಥ್ಯದ ಲೆಕ್ಕವೇ ಬೇರೆಯಾಗುವುದು.

ಮಾಂಸವನ್ನು ಮುಟ್ಟಲಾರದ ಮನಸ್ಸಿನವರು ಇದ್ದೇ ಇರುವರು. ಅವರನ್ನು ಬಲಾತ್ಕರಿಸುವುದೂ ಹಿಂಸೆಯೇ. ಮನೆಯ ಹಿತ್ತಲಲ್ಲಿ ಬೇರೆ ಬಟ್ಟಲನ್ನಿಟ್ಟು ಸೊಸೆಯೋ ಮೊಮ್ಮಗನೋ ಆ ಕೆಲಸವನ್ನು ವಹಿಸಿಕೊಳ್ಳಬಹುದು. ನೆರೆಮನೆಯವರು ಒಪ್ಪಿದರೆ ಅವರಿಂದ ಮಾಡಿಸಬಹುದು. ಯಾವುದೂ ಆಗದಿದ್ದಲ್ಲಿ, ಕಣ್ಣೀರಿನೊಡನೆಯಾದರೂ, ಅದನ್ನು ಸರಿಯಾಗಿ ಸಾಕಬಲ್ಲವರ ಕೈಗೆ ಒಪ್ಪಿಸಬಹುದು. ಇಟ್ಟುಕೊಳ್ಳುತ್ತೇನೆ, ಬೇಕಾದದ್ದನ್ನು ಕೊಡೆನು ಎಂಬುದು ಮಾತ್ರ ಸಲ್ಲದು. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರವನ್ನು ಕೊಡದಿರುವುದನ್ನು 1960ರ ಕಾಯಿದೆಯು ಕ್ರೌರ್ಯಗಳಲ್ಲಿ ಎಣಿಸಿದೆ. ಕಾಯಿದೆ ಹೇಳದಿದ್ದರೂ ಹಿಂದೆ ಇಲಿ ಹಿಡಿಯಿಸಿಕೊಂಡ ಋಣವು ಇದ್ದೇ ಇರುತ್ತಿತ್ತು.

ಅಜ್ಜಿಯ ಪ್ರಶ್ನೆಗೆ ಉತ್ತರವನ್ನು ಕೊಡದೆ ಈ ವಿಚಾರವನ್ನು ಮುಗಿಸುವುದು ಸರಿಯಲ್ಲ. ಅವರು ಇಟ್ಟದ್ದು ವಿಷವಲ್ಲ. ವಯಸ್ಸು, ಗಂಡುಜಾತಿ, ಮೈಬೊಜ್ಜು, ಬೇಟೆ ತಪ್ಪಿದ ಸೋಮಾರಿತನ ಇವೆಲ್ಲವೂ ಕೂಡಿ ತಂದ ರೋಗಕ್ಕೆ ಒಂದು ಅನ್ನದ ಬಟ್ಟಲನ್ನೇ ಹೊಣೆಮಾಡುವುದು ಅನ್ಯಾಯ. ತಿಳಿಯದೆ ಮಾಡಿದ ಪ್ರೀತಿಗೆ ಪಾಪವಿಲ್ಲ; ತಿಳಿದ ಮೇಲೆ ಆ ಪ್ರೀತಿಯು ತನ್ನ ದಾರಿಯನ್ನು ತಿದ್ದಿಕೊಳ್ಳಬೇಕು, ಅಷ್ಟೇ. ಹತ್ತು ವರ್ಷ ಅನ್ನ ಕಲಸಿದ ಅದೇ ಕೈ, ಮಾಂಸವನ್ನು ಮುಟ್ಟಲಾರದೆ ಹೋದರೂ, ಬೆಳಿಗ್ಗೆ ಸಂಜೆ ಸೂಜಿ ಚುಚ್ಚುವ ಹೊತ್ತಿಗೆ ಬೆಕ್ಕಿನ ತಲೆಯನ್ನು ಸವರುತ್ತ ಕೂರಬಹುದು. ಅದು ಕದಲದೆ ಕೂತಿರುವುದು ಆ ಕೈಯ ಕೆಳಗೆ ಮಾತ್ರ.