ದಿಗ್ವ್ರತ ಮತ್ತು ದೇಶಾಂತರ ಹೋಗುವ ವಿದ್ವಾಂಸ

ಶ್ರಾವಕನ ದ್ವಾದಶ ವ್ರತಗಳಲ್ಲಿ ದಿಗ್ವ್ರತವು ಮೊದಲನೆಯ ಗುಣವ್ರತ. ಸಮುದ್ರ, ನದಿ, ಅರಣ್ಯ, ಪರ್ವತ, ಜನಪದಗಳನ್ನು ಗಡಿಯಾಗಿಟ್ಟುಕೊಂಡು, ಅದರಾಚೆ ಹೋಗೆನೆಂದು ಗೃಹಸ್ಥನು ಆಜೀವ ಸಂಕಲ್ಪ ಮಾಡುವುದೇ ಈ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಹೀಗಿರುವಾಗ, ಸಂಶೋಧನೆಗಾಗಿ ಸಮುದ್ರದಾಚೆಗೆ ತೆರಳಿ ಅಲ್ಲಿಯೇ ನೆಲೆಸುವ ವಿಜ್ಞಾನಿಯನ್ನು ಧರ್ಮವು ಹೇಗೆ ಕಾಣುತ್ತದೆ? ಆ ವ್ಯಾಸಂಗಕ್ಕೆ ನೆರವಾದ ಬಸದಿಯ ಟ್ರಸ್ಟು ಏನನ್ನು ಬಯಸಬಹುದು?

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯಂತಹ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾದುದು. ಅಲ್ಲಿಯ ಮನೆಯೊಂದರ ಮಗಳು ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿ ಅಂತರ್ಜಲ ಶಾಸ್ತ್ರದಲ್ಲಿ ಪ್ರವೀಣೆಯಾದಳೆಂದು ಭಾವಿಸಬಹುದು. ಮಳೆ ಕಡಿಮೆಯಾದ ವರ್ಷ ಕೊಳವೆಬಾವಿಗಳು ಬತ್ತುವ ಸೀಮೆಗೆ ಅವಳ ವಿದ್ಯೆ ಬೇಕು. ಕರೆ ಬಂದಿರುವುದು ಅಮೆರಿಕದ ಪ್ರಯೋಗಶಾಲೆಯಿಂದ. ‘ಹಿಂದಿರುಗುವೆನೆಂದು ಮುಚ್ಚಳಿಕೆ ಬರೆಸಿಕೊಳ್ಳಬೇಕು’ ಎಂದು ಧರ್ಮದರ್ಶಿಯೊಬ್ಬರು ಹೇಳಿದರೆ ಅದನ್ನು ಅನ್ಯಾಯದ ಮಾತೆಂದು ತಳ್ಳಿಹಾಕಲಾಗದು.

ಆದರೆ ದೇಶಾಂತರ ಹೋಗುವುದೇ ದೋಷವಲ್ಲ. ದ್ವಾದಶ ವರ್ಷಗಳ ಕ್ಷಾಮದ ಕಾಲದಲ್ಲಿ ಭದ್ರಬಾಹು ಸ್ವಾಮಿಗಳು ಸಂಘಸಮೇತ ದಕ್ಷಿಣಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದ ಮಹಿಮೆಗೆ ಆ ವಲಸೆಯೇ ಮೂಲವೆಂಬುದು ನಂಬಿಕೆ. ದಿಗ್ವ್ರತದ ಅತಿಚಾರಗಳಲ್ಲಿ ‘ಕ್ಷೇತ್ರವೃದ್ಧಿ’ಯೂ ಒಂದು, ಲೋಭದಿಂದ ಗಡಿಯನ್ನು ಹಿಗ್ಗಿಸಿಕೊಳ್ಳುವುದೇ ಅದು. ದೂರಕ್ಕಿಂತ ಆಸೆಯ ಅಳತೆಯೇ ಇಲ್ಲಿ ಮುಖ್ಯ.

ಇನ್ನು ಮುಚ್ಚಳಿಕೆಯ ಮಾತು. ಪರಾನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನ. ಬಿಟ್ಟಮೇಲೂ ಹಿಡಿದುಕೊಂಡಿದ್ದರೆ ಅದು ವ್ಯವಹಾರ. ಮೇಲಾಗಿ ಕರಾರಿನಿಂದ ವಿದ್ಯೆಯು ನೆಲೆ ನಿಲ್ಲದು. ಹರಗೋವಿಂದ ಖುರಾನಾ ಅವರು ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1945ರಲ್ಲಿ ಇಂಗ್ಲೆಂಡಿಗೆ ಹೋಗಿ, 1949ರಲ್ಲಿ ಸ್ವದೇಶಕ್ಕೆ ಬಂದರು. ತಕ್ಕ ಉದ್ಯೋಗ ದೊರೆಯದೆ ಮತ್ತೆ ಹೊರಟುಹೋದರು. ಕೆನಡಾ, ಬಳಿಕ ಅಮೆರಿಕ ಅವರಿಗೆ ನೆಲೆಯಾದವು. 1968ರಲ್ಲಿ ನೊಬೆಲ್ ಪುರಸ್ಕಾರ ಬಂದಾಗ ಅವರು ಅಮೆರಿಕದ ಪ್ರಜೆ. ಅವರು ಹಿಂದಿರುಗಿದ್ದರು, ಬರಮಾಡಿಕೊಳ್ಳುವ ಪೀಠವಿರಲಿಲ್ಲ.

ಅಹಮದಾಬಾದಿನ ಜೈನ ಮನೆತನದ ವಿಕ್ರಮ ಸಾರಾಭಾಯಿ ಅವರ ಕಥೆ ಬೇರೆ. ಎರಡನೆಯ ಮಹಾಯುದ್ಧದಿಂದಾಗಿ ಕೇಂಬ್ರಿಜ್ ಬಿಟ್ಟು ಬಂದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಅದೇ ವರ್ಷ ನವೆಂಬರ್ 11ರಂದು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಅದಕ್ಕೆ ಅವರ ಕುಟುಂಬದ ದತ್ತಿಯೂ ಊರಿನ ಶಿಕ್ಷಣ ಸಂಸ್ಥೆಯೂ ಆಸರೆಯಾದವು. ವಿದ್ವಾಂಸನ ಮರಳುವಿಕೆಗೆ ಶ್ರೀಮಂತರ ಅಪರಿಗ್ರಹವೂ ಜೊತೆಗೂಡಬೇಕೆಂಬುದಕ್ಕೆ ಇದೇ ಸಾಕ್ಷಿ.

ಕರೆಯುವ ದೇಶದ ನಡತೆಯೂ ವಿಚಾರಾರ್ಹ. ಅಮೆರಿಕವು 1965ರ ಕಾನೂನಿನಿಂದ ರಾಷ್ಟ್ರಮೂಲದ ಕೋಟಾ ತೆಗೆದು ನಿಪುಣರಿಗೆ ಬಾಗಿಲು ತೆರೆಯಿತು. ಆದರೆ ಕಾಯಂ ನಿವಾಸದ ಪರವಾನಗಿಯಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿಯಿರುವುದರಿಂದ ಅನೇಕ ಭಾರತೀಯರು ವರ್ಷಗಟ್ಟಲೆ ಕಾಯಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ, ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಲಾಯಿತು. ಅಲ್ಲಿ ಮನುಷ್ಯನನ್ನು ಅಳೆಯುವುದು ಅವನ ಪ್ರಯೋಜನದಿಂದ. ಮುಚ್ಚಳಿಕೆ ಬರೆಸಿಕೊಳ್ಳುವ ಊರೂ ಅದೇ ತಕ್ಕಡಿಯನ್ನು ಹಿಡಿದಂತಾಯಿತು. ಜೀವದ ಲಕ್ಷಣ ‘ಉಪಯೋಗ’ವೆಂದು ತತ್ತ್ವಾರ್ಥಸೂತ್ರ ಹೇಳುವುದು ನಿಜ; ಅಲ್ಲಿ ಆ ಪದಕ್ಕೆ ಜ್ಞಾನ-ದರ್ಶನಗಳೆಂಬುದೇ ಅರ್ಥ, ಪರರಿಗೆ ಒದಗುವ ಪ್ರಯೋಜನವೆಂದಲ್ಲ.

ಆದ್ದರಿಂದ ಕಾನಹೊಸಹಳ್ಳಿಯ ಆ ಮಗಳಿಂದ ಟ್ರಸ್ಟು ಮುಚ್ಚಳಿಕೆ ಬರೆಸಿಕೊಳ್ಳದೆ ಹರಸಿ ಕಳುಹಿಸುವುದೇ ಯುಕ್ತ. ಅವಳಾದರೋ ತನ್ನ ಗಡಿಯನ್ನು ತಾನೇ ಗೊತ್ತುಮಾಡಿಕೊಳ್ಳಲಿ: ಎಷ್ಟು ಗಳಿಕೆ ಸಾಕು, ಯಾವ ಸಂಶೋಧನೆಗೆ ಕೈಹಾಕಬಾರದು, ಹುಟ್ಟೂರಿಗೆ ಜ್ಞಾನದಾನವನ್ನು ಯಾವ ಬಗೆಯಲ್ಲಿ ಸಲ್ಲಿಸಬೇಕು. ಪರರು ಹೇರಿದ್ದು ಕಟ್ಟು; ತಾನೇ ಕೈಗೊಂಡದ್ದು ವ್ರತ. ಅವಳು ಮರಳಿ ಬಂದ ದಿನ ಕುಳಿತು ಕೆಲಸ ಮಾಡಲು ಒಂದು ಸ್ಥಳವನ್ನು ಸಿದ್ಧವಾಗಿಡುವುದು ದಾನಿಗಳ ಪಾಲಿನ ವ್ರತ.